ನರೂಲಿ ತೆಗೆಸುವ ಮುನ್ನ ಆಗಬೇಕಾದ ಕೆಲಸ

ಕತ್ತು, ಕಂಕುಳು, ಕಣ್ಣುರೆಪ್ಪೆ, ತೊಡೆಸಂದಿಗಳಲ್ಲಿ ಸಣ್ಣ ತೊಟ್ಟಿನಿಂದ ಜೋತುಬೀಳುವ ಮೆತ್ತನೆಯ ಚರ್ಮದ ಬೆಳವಣಿಗೆಯನ್ನು ಜನ ನರೂಲಿ ಎನ್ನುತ್ತಾರೆ, ವೈದ್ಯರು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ಇಂದು ಸಣ್ಣ ಪಟ್ಟಣಗಳ ಖಾಸಗಿ ಚರ್ಮದ ಕ್ಲಿನಿಕ್‌ಗಳಲ್ಲೂ ಅದನ್ನು ತೆಗೆಸಿಕೊಳ್ಳಬಹುದು. ಮರಗಟ್ಟಿಸುವ ಮುಲಾಮು ಹಚ್ಚಿಯೋ ಸಣ್ಣ ಇಂಜೆಕ್ಷನ್ ಕೊಟ್ಟೋ ಕತ್ತರಿಯಿಂದ ಕತ್ತರಿಸುತ್ತಾರೆ, ಇಲ್ಲವೇ ವಿದ್ಯುತ್ ಅಥವಾ ರೇಡಿಯೋ ತರಂಗದ ಶಾಖದಿಂದ ಸುಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ. ಆದರೆ ಕೆಲಸ ಇಷ್ಟು ಸಲೀಸು ಎಂಬ ಕಾರಣಕ್ಕೇ ಅದಕ್ಕೂ ಮುಂಚೆ ಆಗಬೇಕಾದ ತಪಾಸಣೆ ಬಿಟ್ಟುಹೋಗುವ ಅಪಾಯವಿದೆ. ನರೂಲಿ ತೆಗೆಯುವ ಕೌಶಲಕ್ಕಿಂತ ತೆಗೆಯುವ ಮುನ್ನ ವೈದ್ಯರು ನೋಡುವ ನೋಟ, ಕೇಳುವ ಪ್ರಶ್ನೆ ಹೆಚ್ಚು ಬೆಲೆಬಾಳುವಂಥವು ಎಂಬುದನ್ನು ಈ ಬೆಳವಣಿಗೆಯ ಹಿಂದಿರುವ ವಿಜ್ಞಾನವೇ ಹೇಳುತ್ತದೆ.

ಸ್ಕಿನ್ ಟ್ಯಾಗ್‌ನಲ್ಲಿರುವುದು ಕೊಲ್ಯಾಜನ್ ಎಳೆಗಳು ಮತ್ತು ಸಣ್ಣ ರಕ್ತನಾಳಗಳು. ಮೇಲೆ ಮಾಮೂಲಿ ಚರ್ಮದ ಹೊದಿಕೆ. ಅದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕತ್ತರಿಸಿದಾಗ ರಕ್ತ ತಾಗಿದ ಜಾಗದಲ್ಲೆಲ್ಲ ಹೊಸದು ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮೈಮೇಲೆ ಒಂದಾದರೂ ಇರುತ್ತದೆ ಎಂಬ ಅಂದಾಜಿದೆ. ಚರ್ಮಕ್ಕೆ ಚರ್ಮ ಉಜ್ಜುವ ಮಡಿಕೆಗಳಲ್ಲೇ ಹೆಚ್ಚಾಗಿ ಕಾಣಿಸುವುದರಿಂದ ತಿಕ್ಕಾಟವೇ ಇದಕ್ಕೆ ಕಾರಣ ಎನ್ನುವುದು ರೂಢಿ. ಆದರೆ ಅದು ಅರ್ಧ ಉತ್ತರ ಮಾತ್ರ. ತೂಕ ಹೆಚ್ಚಿದವರಲ್ಲಿ ಇವು ಹೆಚ್ಚು ಎಂಬುದಕ್ಕೆ ತಿಕ್ಕಾಟ ಕಾರಣವಾಗಬಹುದು. ಗರ್ಭಿಣಿಯರಲ್ಲಿ ಹೊಸದಾಗಿ ಮೂಡುವುದನ್ನು, ಮಧುಮೇಹಿಗಳಲ್ಲಿ ಗುಂಪುಗುಂಪಾಗಿ ಕಾಣುವುದನ್ನು ಅದೊಂದರಿಂದಲೇ ವಿವರಿಸಲಾಗದು.

ಉಳಿದರ್ಧ ಉತ್ತರದಲ್ಲಿ ಇನ್ಸುಲಿನ್‌ಗೆ ದೊಡ್ಡ ಪಾಲಿದೆ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಸೇರಿಸುವುದಷ್ಟೇ ಅಲ್ಲ, ಬೆಳವಣಿಗೆಗೆ ಕುಮ್ಮಕ್ಕನ್ನೂ ಕೊಡುತ್ತದೆ. ಸ್ನಾಯು ಮತ್ತು ಯಕೃತ್ತಿನ ಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಹೋದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸ್ರವಿಸಿ ಸಕ್ಕರೆಯನ್ನು ಹಿಡಿತದಲ್ಲಿಡಲು ಹೆಣಗುತ್ತದೆ. ಹೀಗೆ ಏರಿದ ಇನ್ಸುಲಿನ್ ಚರ್ಮದ ಕೋಶಗಳ ಮೇಲಿರುವ ಐಜಿಎಫ್-1 ಎಂಬ ಬೆಳವಣಿಗೆಯ ಗ್ರಾಹಿಗಳನ್ನೂ ಪ್ರಚೋದಿಸುತ್ತದೆ, ಕೋಶಗಳು ಬೇಕಿಲ್ಲದ ಕಡೆ ಹೆಚ್ಚುತ್ತವೆ. ಕತ್ತಿನ ಹಿಂಭಾಗ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತಾಗುವ ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಕೂಡ ಬಹುಮಟ್ಟಿಗೆ ಇದೇ ಹಾದಿಯಲ್ಲಿ ಬರುತ್ತದೆ. ಕೊಳೆ ಎಂದುಕೊಂಡು ಎಷ್ಟು ಉಜ್ಜಿ ತೊಳೆದರೂ ಆ ಕಪ್ಪು ಹೋಗದಿರುವುದು ಇದಕ್ಕೇ. ಹಲವು ದೇಶಗಳ ಅಧ್ಯಯನಗಳಲ್ಲಿ ಮೈಮೇಲೆ ಹಲವಾರು ನರೂಲಿ ಇರುವವರಲ್ಲಿ ಮಧುಮೇಹ, ಬೊಜ್ಜು, ರಕ್ತದ ಕೊಬ್ಬಿನ ಏರುಪೇರು ಹೆಚ್ಚಾಗಿ ಕಂಡುಬಂದಿವೆ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ಹೊಸ್ತಿಲಲ್ಲಿರುವವರಿಗೆ ಸಾಮಾನ್ಯವಾಗಿ ಸುಸ್ತು, ದಾಹ ಯಾವುದೂ ಇರುವುದಿಲ್ಲ. ಅಂಥವರಲ್ಲಿ ಎಷ್ಟೋ ಜನರಿಗೆ ಕಣ್ಣಿಗೆ ಬೀಳುವ ಸುಳಿವೆಂದರೆ ಚರ್ಮದ್ದೇ ಇರಬಹುದು.

ಅರ್ಧದಷ್ಟು ಜನರಲ್ಲಿ ಇರುವುದನ್ನು ರೋಗದ ಗುರುತು ಎಂದು ಬಿಂಬಿಸಿ ಸುಮ್ಮನೆ ಹೆದರಿಸುವುದೇಕೆ ಎಂದು ಯಾರಾದರೂ ಕೇಳಬಹುದು. ಸರಿಯಾದ ಆಕ್ಷೇಪವೇ. ವಯಸ್ಸಾದಂತೆ, ಮನೆತನದ ಒಲವಿನಿಂದಲೂ ನರೂಲಿ ಬರುತ್ತದೆ; ಒಂದೆರಡು ಇದ್ದ ಮಾತ್ರಕ್ಕೆ ಏನನ್ನೂ ತೀರ್ಮಾನಿಸಲಾಗದು. ಆದರೆ ಸಂಖ್ಯೆ ಹಲವಾಗಿದ್ದು, ಅವು ಬೇಗಬೇಗ ಹೆಚ್ಚುತ್ತಿದ್ದು, ಜೊತೆಗೆ ಕತ್ತು ಕಪ್ಪಾಗಿದ್ದರೆ, ಸೊಂಟದ ಸುತ್ತಳತೆ ಏರಿದ್ದರೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಆಗ ಲೆಕ್ಕ ಬೇರೆ. ಅಂಥವರಿಗೆ ಬೇಕಾದದ್ದು ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಅಥವಾ ಎಚ್‌ಬಿಎ1ಸಿ. 30 ದಾಟಿದವರಿಗೆ ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಇದು ದುಂದೂ ಅಲ್ಲ, ಭಯ ಹುಟ್ಟಿಸುವುದೂ ಅಲ್ಲ.

ಮನೆಯಲ್ಲೇ ಕುದುರೆ ಬಾಲದ ಕೂದಲು ಕಟ್ಟಿದರೂ ನರೂಲಿ ಉದುರುತ್ತದಲ್ಲ, ಕ್ಲಿನಿಕ್ ಯಾಕೆ ಎನ್ನುವವರೂ ಇದ್ದಾರೆ. ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯುವುದು ನಿಂತು ಅದು ಒಣಗಿ ಬೀಳುವುದು ನಿಜ. ಆದರೆ ಕಟ್ಟುವ ಕೈಗೆ ಅದು ನರೂಲಿಯೇ ಎಂದು ಗೊತ್ತಿರುವುದಿಲ್ಲ. ಉಬ್ಬಿದ ಮಚ್ಚೆ, ವೈರಸ್‌ನಿಂದ ಬರುವ ವಾರ್ಟ್, ನರದ ಗಂಟು, ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಕೂಡ ಹಾಗೇ ಕಾಣಬಹುದು. ವೈದ್ಯರು ಸ್ಕಿನ್ ಟ್ಯಾಗ್ ಎಂದು ಗುರುತಿಸಿದ್ದ 1335 ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಎಂದು ತಿಳಿದದ್ದು 5 ಮಾತ್ರ. ತೆಗೆದದ್ದನ್ನೆಲ್ಲ ಲ್ಯಾಬಿಗೆ ಕಳಿಸಬೇಕಿಲ್ಲ ಎನ್ನುವುದಕ್ಕೆ ಇದು ಒಳ್ಳೆಯ ಆಧಾರ. ಆದರೆ ಆ ಭರವಸೆ ಪಳಗಿದ ಕಣ್ಣಿನದು, ಕಟ್ಟುವ ಕೂದಲಿನದಲ್ಲ. ಕೂದಲು ಕಟ್ಟುವ ಬದಲು ಸುಣ್ಣ ಹಚ್ಚಿದರೆ ಸುತ್ತಲಿನ ಚರ್ಮವೂ ಸುಡುತ್ತದೆ. ನರೂಲಿ ತೆಗೆಯಲೆಂದು ಆನ್‌ಲೈನ್‌ನಲ್ಲಿ ಸಿಗುವ ಮುಲಾಮುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಇಂಥವು ಗಾಯ, ಸೋಂಕು, ಕಲೆ ಉಂಟುಮಾಡಬಹುದು.

ನಮ್ಮ ಗೋಧಿ ಮತ್ತು ಕಪ್ಪು ಮೈಬಣ್ಣಕ್ಕೆ ಯಾವ ವಿಧಾನ ಒಗ್ಗುತ್ತದೆ ಎಂಬುದೂ ಮುಂಚೆಯೇ ಆಗಬೇಕಾದ ಮಾತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಉಳಿದವುಗಳಿಗಿಂತ ಮೊದಲು ಸತ್ತು ಬಿಳಿ ಕಲೆ ಉಳಿಯಬಹುದು. ಅತಿಯಾಗಿ ಸುಟ್ಟರೆ ಕಪ್ಪು ಕಲೆ. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು, ಪೇಸ್‌ಮೇಕರ್ ಇರುವವರು, ಗಾಯ ಕೆಲಾಯ್ಡ್ ಆಗಿ ಉಬ್ಬುವ ಒಲವಿರುವವರು ಅದನ್ನು ಮೊದಲೇ ಹೇಳಬೇಕು. ಸಕ್ಕರೆ ಹಿಡಿತದಲ್ಲಿಲ್ಲದವರ ಗಾಯ ನಿಧಾನವಾಗಿ ಮಾಯುವುದರಿಂದ ಸಕ್ಕರೆಯ ಪ್ರಶ್ನೆ ಇಲ್ಲೂ ಮುಖ್ಯ.

ನರೂಲಿ ತೆಗೆಸಬೇಡಿ ಎಂಬುದು ಈ ವಾದದ ತಾತ್ಪರ್ಯವಲ್ಲ. ಕರಿಮಣಿ ಸರಕ್ಕೋ ಕಾಲರಿಗೋ ಸಿಕ್ಕಿ ರಕ್ತ ಬರುವುದು ನಿಜವಾದ ತೊಂದರೆ. ಮುಖದ ಮೇಲಿನದು ತರುವ ಮುಜುಗರವೂ ಸಣ್ಣದಲ್ಲ. ಆದರೆ ತೆಗೆದರೆ ಆ ನರೂಲಿ ಹೋಗುತ್ತದೆ, ಅದರ ಹಿಂದೆ ಇನ್ಸುಲಿನ್ ಏರಿಕೆ ಇದ್ದರೆ ಅದು ಹೋಗುವುದಿಲ್ಲ. ಪಕ್ಕದಲ್ಲೇ ಹೊಸವು ಹುಟ್ಟಬಹುದು. ಆದ್ದರಿಂದ ಕ್ಲಿನಿಕ್ಕಿಗೆ ಹೋದವರು ದರ ವಿಚಾರಿಸುವುದರ ಜೊತೆಗೆ ಇದು ಖಂಡಿತ ಸ್ಕಿನ್ ಟ್ಯಾಗೇನಾ, ನನ್ನ ಸಕ್ಕರೆ ನೋಡಿಸಬೇಕಾ, ಕಲೆ ಉಳಿಯುತ್ತದಾ ಎಂದು ಮೂರು ಪ್ರಶ್ನೆ ಕೇಳಬೇಕು. ಕೇಳುವ ಮೊದಲೇ ಉತ್ತರ ಹೇಳುವ ವೈದ್ಯರ ಬಳಿ ತೆಗೆಸಿಕೊಂಡರೆ ಕೊಟ್ಟ ಹಣ ಸಾರ್ಥಕ.