ಕೇಳುತ್ತಿರುವ ಸರ್ವರ್ ಯಾವುದು?

ನರಗುಂದ ಸೀಮೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ಚಿಕ್ಕನರಗುಂದದ ರೈತನೊಬ್ಬ ಬೆಂಬಲ ಬೆಲೆಗೆ ಹೆಸರುಕಾಳು ಕೊಡಬೇಕೆಂದರೆ ನೋಂದಣಿಗೆ ಎಫ್‌ಐಡಿ ಬೇಕು. ‘ಫ್ರೂಟ್ಸ್’ ಎಂಬ ಸರ್ಕಾರಿ ತಂತ್ರಾಂಶ ಪ್ರತಿ ರೈತನಿಗೂ ಕೊಡುವ ಗುರುತಿನ ಸಂಖ್ಯೆ ಅದು. ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದರೂ ಅದನ್ನೇ ಕೇಳುತ್ತಾರೆ. ಸಂಖ್ಯೆ ಹಾಕಿದರೆ ರೈತನ ಜಮೀನಿನ ವಿವರ ಪರದೆಯ ಮೇಲೆ ಬರುತ್ತದೆ. ಉತಾರಕ್ಕಾಗಿ (ಪಹಣಿಗಾಗಿ) ಚಾವಡಿಗೂ ತಾಲ್ಲೂಕು ಕಚೇರಿಗೂ ಅಲೆದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ.

ಪರದೆ ತುಂಬುವ ಆ ಒಂದೆರಡು ಕ್ಷಣಗಳಲ್ಲಿ ಎಲ್ಲೋ ದೂರದಲ್ಲಿ ಒಂದು ಸರ್ವರ್ ಇನ್ನೊಂದು ಸರ್ವರನ್ನು ಮಾತಾಡಿಸಿರುತ್ತದೆ. “ಈ ರೈತನ ಹೊಲ ಎಷ್ಟು, ಸರ್ವೆ ನಂಬರು ಯಾವುದು?” ಎಂದು ಒಂದು ಕೇಳಿದೆ, ಮತ್ತೊಂದು ಹೇಳಿದೆ. ಹೀಗೆ ಕೇಳುವುದಕ್ಕೆ ಇರುವ ಕಟ್ಟುಪಾಡಿಗೆ ಎಪಿಐ ಎನ್ನುತ್ತಾರೆ: ಯಾವ ವಿಳಾಸಕ್ಕೆ, ಯಾವ ರೂಪದಲ್ಲಿ ಪ್ರಶ್ನೆ ಕಳಿಸಿದರೆ ಏನು ಉತ್ತರ ಸಿಗುತ್ತದೆ ಎಂಬುದು ಅದರಲ್ಲಿ ಗೊತ್ತಾಗಿರುತ್ತದೆ. ಆದರೆ ಉತ್ತರ ಕೊಡುವ ಸರ್ವರ್ ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳಬೇಕು. ಕೇಳುತ್ತಿರುವುದು ನಿಜಕ್ಕೂ ಬ್ಯಾಂಕಿನ ಸರ್ವರೇ? ಬ್ಯಾಂಕಿನ ಹೆಸರು ಹೇಳಿಕೊಂಡು ಬಂದ ಬೇರೆ ಯಾರಾದರೂ ಇರಬಹುದೆ?

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಅದನ್ನು ಕಟ್ಟಿದವರು ಒಂದು ನಿಯಮ ಮಾಡಿದ್ದರು. ದಾಖಲೆಯನ್ನು ಬದಲಿಸುವ ಅಧಿಕಾರಿ ಪಾಸ್‌ವರ್ಡ್ ಕೊಟ್ಟರೆ ಸಾಲದು, ಬೆರಳಚ್ಚನ್ನೂ ಒತ್ತಬೇಕು. ತಿದ್ದಿದವನು ನಾಳೆ “ನಾನಲ್ಲ” ಎನ್ನುವಂತಿರಬಾರದು ಎಂಬುದು ಅದರ ಉದ್ದೇಶ. ಮನುಷ್ಯರ ಮಟ್ಟಿಗೆ ಅದು ಒಳ್ಳೆಯ ಉತ್ತರ. ಈಗ ದಾಖಲೆಯನ್ನು ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ಕೇಳುತ್ತವೆ. ಸರ್ವರಿಗೆ ಹೆಬ್ಬೆರಳಿಲ್ಲ, ಒಟಿಪಿ ಬರಲು ಮೊಬೈಲೂ ಇಲ್ಲ. ನಡುರಾತ್ರಿ ಕೆಲಸ ಬಿದ್ದರೆ ಪಾಸ್‌ವರ್ಡ್ ಒತ್ತಿಕೊಡಲು ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ಎಪಿಐ ಕೀ. ಅದು ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು. ಎರಡೂ ಕಡೆಯವರಿಗೆ ಅದು ಗೊತ್ತು; ಪ್ರತಿ ಪ್ರಶ್ನೆಯ ಜೊತೆ ಅದನ್ನು ಕಳಿಸಿದರೆ ಆಯಿತು. ತೊಂದರೆ ಹುಟ್ಟುವುದೂ ಇಲ್ಲೇ. ಕೆಲಸ ಬೇಗ ಮುಗಿಯಲಿ ಎಂದು ಪ್ರೋಗ್ರಾಮರ್ ಆ ಸಾಲನ್ನು ಕೋಡಿನೊಳಗೇ ಬರೆದುಬಿಡುತ್ತಾನೆ. ಕೋಡು ಗಿಟ್‌ಹಬ್‌ನಂಥ ಭಂಡಾರಕ್ಕೆ ಹೋಗುತ್ತದೆ. ಆಮೇಲೆ ನೆನಪಾಗಿ ಅಳಿಸಿದರೂ ಪ್ರಯೋಜನವಿಲ್ಲ, ಹಳೆಯ ಪ್ರತಿಗಳನ್ನೆಲ್ಲ ಜೋಪಾನ ಮಾಡುವುದೇ ಅಂಥ ಭಂಡಾರದ ಕೆಲಸ. 2016ರಲ್ಲಿ ಉಬರ್ ಕಂಪನಿಗೆ ಆದದ್ದು ಇದೇ. ಎಂಜಿನಿಯರುಗಳ ಖಾಸಗಿ ಕೋಡ್ ಭಂಡಾರಕ್ಕೆ ನುಗ್ಗಿದವರಿಗೆ ಅಲ್ಲಿ ಅಮೆಜಾನ್ ಕ್ಲೌಡಿನ ಕೀ ಸಿಕ್ಕಿತು; ಅದರಿಂದ 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ವಿವರ ಕೈತಪ್ಪಿತು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಗಿಟ್‌ಹಬ್ಬನ್ನು ಜಾಲಾಡಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಂಡಾರಗಳಲ್ಲಿ ಇಂಥ ಗುಟ್ಟುಗಳು ಬಯಲಲ್ಲೇ ಬಿದ್ದಿದ್ದವು.

ಎರಡನೆಯ ದಾರಿಯಲ್ಲಿ ಗುಟ್ಟನ್ನು ಕಳಿಸುವುದೇ ಇಲ್ಲ. ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಕೊಂಡ ಆರ್‌ಎಸ್‌ಎ ಗಣಿತ ಇದಕ್ಕೆ ಆಧಾರ. ಇಲ್ಲಿ ಕೀಲಿಗಳು ಜೋಡಿಯಾಗಿ ಹುಟ್ಟುತ್ತವೆ. ಖಾಸಗಿ ಕೀಲಿ ಸರ್ವರಿನ ಬಳಿಯೇ ಉಳಿಯುತ್ತದೆ, ಸಾರ್ವಜನಿಕ ಕೀಲಿ ಯಾರ ಕೈಗೆ ಹೋದರೂ ಚಿಂತೆಯಿಲ್ಲ. ಖಾಸಗಿ ಕೀಲಿಯಿಂದ ಹಾಕಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು, ಆದರೆ ಅದರಿಂದ ಹೊಸ ಸಹಿ ಹಾಕಲು ಬರುವುದಿಲ್ಲ. ಇಂದು ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಕೀಲಿಯಲ್ಲಿರುವ ಸಂಖ್ಯೆಯನ್ನು ದಶಮಾಂಶದಲ್ಲಿ ಬರೆದರೆ 617 ಅಂಕಿಗಳಾಗುತ್ತವೆ. ಅದನ್ನು ಅಪವರ್ತಿಸಿ ಖಾಸಗಿ ಕೀಲಿಯನ್ನು ಹೊರತೆಗೆಯುವುದು ಈಗಿರುವ ಯಾವ ಗಣಕಕ್ಕೂ ಸಾಧ್ಯವಾಗಿಲ್ಲ. ‘ಭೂಮಿ’ಯ ಬೆರಳಚ್ಚು ಮನುಷ್ಯನಿಗೆ ಮಾಡಿದ ಕೆಲಸವನ್ನು ಈ ಸಹಿ ಯಂತ್ರಕ್ಕೆ ಮಾಡಿಕೊಡುತ್ತದೆ. ಕೀ ಎರಡೂ ಕಡೆ ಇದ್ದಾಗ ಯಾವ ಕಡೆಯಿಂದ ಸೋರಿತು ಎಂದು ಹೇಳಲಾಗದು. ಖಾಸಗಿ ಕೀಲಿ ಒಂದೇ ಕಡೆ ಇರುವುದರಿಂದ ಸಹಿಯ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವಂತಿಲ್ಲ.

ಈ ಸಹಿ ಬೀಳುವುದು ಸರ್ವರ್ ಬರೆಯುವ ಒಂದು ಪತ್ರದ ಮೇಲೆ. ಅದನ್ನು ಹತ್ತಿರದಿಂದ ನೋಡೋಣ. ಜೆಡಬ್ಲ್ಯುಟಿ ಎಂಬ ಹೆಸರಿನಲ್ಲಿ 2015ರಲ್ಲಿ ಇದರ ರೂಪ ಪ್ರಮಾಣೀಕರಣಗೊಂಡಿತು. ಸಾಮಾನ್ಯವಾಗಿ ಇದರಲ್ಲಿ ಮೂರು ಭಾಗ, ನಡುವೆ ಎರಡು ಚುಕ್ಕಿ. ಮೊದಲ ಭಾಗದಲ್ಲಿ ಸಹಿ ಯಾವ ವಿಧಾನದ್ದು ಎಂದಿರುತ್ತದೆ. ಎರಡನೆಯದರಲ್ಲಿ ವಿಷಯ: ಬರೆಯುತ್ತಿರುವವರು ಯಾರು, ಯಾರಿಗೆ, ಯಾವ ಕೆಲಸಕ್ಕೆ ಅನುಮತಿ ಬೇಕು, ಬರೆದ ಹೊತ್ತು ಯಾವುದು, ಎಲ್ಲಿಯವರೆಗೆ ಇದಕ್ಕೆ ಬೆಲೆ. ಮೂರನೆಯದು ಸಹಿ. ಇಡೀ ಪತ್ರ ಅರ್ಥವಿಲ್ಲದ ಅಕ್ಷರಗಳ ರಾಶಿಯಂತೆ ಕಂಡರೂ ಅದು ಬಹುತೇಕ ಯಾವಾಗಲೂ ಇ, ವೈ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದಲೇ ಶುರುವಾಗುತ್ತದೆ. ಒಳಗಿನ ಬರಹ ಒಂದು ಪುಷ್ಪಾವರಣ ಚಿಹ್ನೆ ಮತ್ತು ಒಂದು ಉದ್ಧರಣ ಚಿಹ್ನೆಯಿಂದ ಆರಂಭವಾಗುವುದರಿಂದ, ಬೇಸ್-64 ಎಂಬ ಲಿಪಿಗೆ ಬದಲಿಸಿದಾಗ ಆ ಮೂರು ಅಕ್ಷರ ಬರುತ್ತವೆ. ಬೇಸ್-64 ಗೂಢಲಿಪಿಯಲ್ಲ, ಬೇಕಾದವರು ಬಿಡಿಸಿ ಓದಬಹುದು. ಹಾಗಾಗಿ ಇಂಥ ಪತ್ರದೊಳಗೆ ಗುಟ್ಟು ಬರೆಯಬಾರದು. ಓದಬಲ್ಲವರು ತಿದ್ದಲಾರರು, ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ.

ಗೂಗಲ್ ಕ್ಲೌಡಿನಂಥ ಕಡೆ ಸರ್ವರ್ ಈ ಪತ್ರವನ್ನು ಗುರುತು ಪರೀಕ್ಷಿಸುವ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಸಹಿ ಒಪ್ಪಿಗೆಯಾದರೆ ಬದಲಿಗೆ ಒಂದು ಟೋಕನ್ ಸಿಗುತ್ತದೆ; ಮುಂದಿನ ಪ್ರಶ್ನೆಗಳಿಗೆಲ್ಲ ಅದನ್ನು ತೋರಿಸಿದರೆ ಸಾಕು. ಟೋಕನ್ ಎಂದರೆ ನರಗುಂದದ ಬಸ್ಸಿನಲ್ಲಿ ಕೊಡುವ ಟಿಕೆಟ್ ಇದ್ದ ಹಾಗೆ. ಅದರ ಮೇಲೆ ದಿನವಿದೆ, ಎಲ್ಲಿಂದ ಎಲ್ಲಿಗೆ ಎಂದಿದೆ, ಪ್ರಯಾಣಿಕನ ಹೆಸರಿಲ್ಲ. ಬಿದ್ದ ಟಿಕೆಟ್ ಸಿಕ್ಕವನು ಆ ಊರಿನವರೆಗೆ ಹೋಗಬಲ್ಲ, ಅದರಾಚೆ ಅದು ಬರೀ ಕಾಗದ. ಟೋಕನ್ನೂ ಅಷ್ಟೇ, ಹಿಡಿದವನದೇ ಹಕ್ಕು. ಅದಕ್ಕಾಗಿಯೇ ಅದರ ಆಯುಷ್ಯವನ್ನು ಸಾಮಾನ್ಯವಾಗಿ ಒಂದು ತಾಸಿಗೆ ಕಟ್ಟಿಹಾಕುತ್ತಾರೆ. ಅಮೆಜಾನ್ ಇನ್ನೂ ಬಿಗಿ: ಅಲ್ಲಿ ಪ್ರತಿಯೊಂದು ಪ್ರಶ್ನೆಗೂ ಬೇರೆ ಸಹಿ ಬೇಕು, ಬಹುತೇಕ ಸೇವೆಗಳಲ್ಲಿ ಸಹಿಯಾದ ಪ್ರಶ್ನೆ 5 ನಿಮಿಷದೊಳಗೆ ತಲುಪಬೇಕು. ಸರ್ವರಿನ ಗಡಿಯಾರ ಹಿಂದೆ ಮುಂದೆ ಓಡಿದರೆ ಎಲ್ಲ ಸರಿಯಿದ್ದೂ ಪ್ರವೇಶ ಸಿಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಸರ್ವರ್ ತನ್ನ ಹೆಸರಿನಲ್ಲಿಯೇ ಕೇಳುವ ಸಂಗತಿ. ಯಾರದೋ ಪರವಾಗಿ ಕೇಳುವುದಾದರೆ ಇನ್ನೊಂದು ಹೆಜ್ಜೆ ಸೇರುತ್ತದೆ. 2015ರಲ್ಲಿ ಶುರುವಾದ ಡಿಜಿಲಾಕರ್‌ನಿಂದ ವಿದ್ಯಾರ್ಥಿಯ ಅಂಕಪಟ್ಟಿ ತರಿಸಿಕೊಳ್ಳುವ ಜಾಲತಾಣವನ್ನು ನೆನಪಿಸಿಕೊಳ್ಳಿ. ವಿದ್ಯಾರ್ಥಿ ತನ್ನ ಒಟಿಪಿಯನ್ನು ಡಿಜಿಲಾಕರ್‌ನ ಪುಟದಲ್ಲಿಯೇ ಹಾಕಿ ಒಪ್ಪಿಗೆ ಕೊಡುತ್ತಾಳೆ. ಆ ಜಾಲತಾಣಕ್ಕೆ ಅದು ಕಾಣುವುದಿಲ್ಲ. ಒಪ್ಪಿಗೆಯ ಗುರುತಾಗಿ ಒಂದು ತಾತ್ಕಾಲಿಕ ಸಂಕೇತ ಅವಳ ಬ್ರೌಸರ್ ಮೂಲಕ ಜಾಲತಾಣಕ್ಕೆ ಬರುತ್ತದೆ. ಜಾಲತಾಣದ ಸರ್ವರ್ ಆ ಸಂಕೇತಕ್ಕೆ ತನ್ನ ಗುಟ್ಟನ್ನು ಸೇರಿಸಿ ನೇರವಾಗಿ ಡಿಜಿಲಾಕರ್‌ಗೆ ಕಳಿಸಿದಾಗ ಮಾತ್ರ ಟೋಕನ್ ಸಿಗುತ್ತದೆ. ಎರಡು ಸುತ್ತು ಏಕೆಂದರೆ, ಬ್ರೌಸರ್ ಇರುವುದು ಬಳಕೆದಾರರ ಕೈಯಲ್ಲಿ, ಅಲ್ಲಿಗೆ ಹೋದದ್ದನ್ನು ಯಾರಾದರೂ ಇಣುಕಿ ನೋಡಬಹುದು. ಸರ್ವರಿನ ಗುಟ್ಟು ಬ್ರೌಸರಿನ ತನಕ ಹೋಗಲೇಬಾರದು. 2012ರಲ್ಲಿ ಪ್ರಕಟವಾದ ಓಆಥ್ 2.0 ನಿಯಮಗಳು ಇದನ್ನೇ ಹೇಳುತ್ತವೆ. ಆಧಾರ್ ದೃಢೀಕರಣದಲ್ಲೂ ಬೆರಳಚ್ಚು ಒಂದೇ ಸಾಲದು: ಕೇಳುವ ಸಂಸ್ಥೆಗೆ ಪರವಾನಗಿ ಕೀ ಇರಬೇಕು, ಕೋರಿಕೆಗೆ ಡಿಜಿಟಲ್ ಸಹಿ ಬೀಳಬೇಕು, ಒಳಗಿನ ವಿವರ ಗೂಢಲಿಪಿಯಲ್ಲಿರಬೇಕು. ಮನುಷ್ಯನ ಗುರುತು, ಯಂತ್ರದ ಗುರುತು ಎರಡೂ ಸೇರಿದರೇ ಉತ್ತರ.

ಆದರೂ ಖಾಸಗಿ ಕೀಲಿ ಒಂದು ಕಡತವಾಗಿ ಎಲ್ಲೋ ಇರಲೇಬೇಕಲ್ಲ, ಅದನ್ನೂ ಯಾರಾದರೂ ಕದಿಯಬಹುದಲ್ಲ? ಇದಕ್ಕೆ ಕ್ಲೌಡ್ ಕಂಪನಿಗಳು ಕೊಟ್ಟ ಉತ್ತರ ಸೊಗಸಾಗಿದೆ: ಸರ್ವರಿಗೆ ಕೀಲಿಯನ್ನೇ ಕೊಡಬೇಡಿ. ಸರ್ವರ್ ಓಡುತ್ತಿರುವುದು ಅವರದೇ ಗಣಕಕೇಂದ್ರದಲ್ಲಿ, ಯಾವ ಯಂತ್ರ ಯಾರದ್ದು ಎಂದು ಅವರಿಗೆ ಮೊದಲೇ ಗೊತ್ತು. ಸರ್ವರ್ ಅವರಿಂದ ಟೋಕನ್ ಕೇಳಲು 169.254.169.254 ಎಂಬ ವಿಳಾಸವಿದೆ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಕಡೆ ಇದೇ ಅಂಕಿ. ಯಂತ್ರದ ಒಳಗಿನಿಂದಲ್ಲದೆ ಹೊರಗಿನ ಜಾಲದಿಂದ ನೇರವಾಗಿ ಇದನ್ನು ತಲುಪಲಾಗದು. ಸರ್ವರ್ ಅಲ್ಲಿ ಕೇಳಿದಾಗಲೆಲ್ಲ ಅಲ್ಪಾಯುಷಿ ಟೋಕನ್ ಸಿಗುತ್ತದೆ. ಕೋಡಿನಲ್ಲಿ ಬರೆಯಲು ಗುಟ್ಟಿಲ್ಲ, ಕದಿಯಲು ಕಡತವಿಲ್ಲ.

ಇದೂ ಅಭೇದ್ಯವಲ್ಲ ಎಂದು 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ತೋರಿಸಿತು. ದಾಳಿಕೋರರೊಬ್ಬರು ಸರಿಯಾಗಿ ಹೊಂದಿಸದ ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಒಂದನ್ನು ಮರುಳು ಮಾಡಿ, ಅದರಿಂದಲೇ ಆ ಒಳವಿಳಾಸವನ್ನು ಕೇಳಿಸಿದರು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಸೋರಿತು. ಅದೇ ವರ್ಷ ಅಮೆಜಾನ್ ಆ ವಿಳಾಸಕ್ಕೆ ಇನ್ನೊಂದು ಪರೀಕ್ಷೆಯನ್ನು ಸೇರಿಸಿತು. ಆದರೆ ಈ ಪ್ರಕರಣದ ಮುಖ್ಯ ಪಾಠ ಬೇರೆ. ಫೈರ್‌ವಾಲ್ ಕೆಲಸಕ್ಕೆ ಗ್ರಾಹಕರ ಅರ್ಜಿಗಳನ್ನು ಓದುವ ಅನುಮತಿ ಏಕೆ ಬೇಕಿತ್ತು? ಯಾರು ಎಂದು ಗುರುತಿಸುವುದು ಅರ್ಧ ಕೆಲಸ, ಅವರಿಗೆ ಎಷ್ಟು ಬಿಡಬೇಕು ಎಂದು ಗೆರೆ ಎಳೆಯುವುದು ಉಳಿದರ್ಧ. ಕಾಳು ಖರೀದಿಯ ತಂತ್ರಾಂಶಕ್ಕೆ ಹೊಲದ ವಿಸ್ತೀರ್ಣ ಓದುವ ಹಕ್ಕು ಸಾಕು. ಬೋಜಾ (ಜಮೀನಿನ ಮೇಲಿನ ಸಾಲ) ನೋಡುವ, ಖಾತೆ ತಿದ್ದುವ ಹಕ್ಕು ಅದಕ್ಕೆ ಬೇಕಿಲ್ಲ.

ಈ ವಿಷಯ ಎಂಜಿನಿಯರುಗಳಿಗೆ ಬಿಟ್ಟದ್ದು ಎಂದು ನಾವು ಸುಮ್ಮನಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತಕ್ಕ ಭದ್ರತೆ ಕೈಗೊಳ್ಳದೆ ದತ್ತಾಂಶ ಸೋರಲು ಬಿಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು ಎನ್ನುತ್ತದೆ. ದಂಡ ಬೀಳುವುದು ಸೋರಿದ ಮೇಲೆ. ಸೋರಿದ ವಿವರವನ್ನು ವಾಪಸು ತರುವ ಕಾಯ್ದೆ ಎಲ್ಲಿಯೂ ಇಲ್ಲ. ತಂತ್ರಾಂಶ ಮಾಡಿಸುವ ಸಹಕಾರ ಸಂಘವಾಗಲಿ, ಇಲಾಖೆಯಾಗಲಿ, ಬ್ಯಾಂಕಾಗಲಿ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ನಾಲ್ಕು ಮಾತು ಕೇಳಬೇಕು. ಕೀ ಎಲ್ಲಿ ಇಡುತ್ತೀರಿ? ಟೋಕನ್ ಎಷ್ಟು ಹೊತ್ತು ಬಾಳುತ್ತದೆ? ಅದಕ್ಕೆ ಏನೇನು ಓದುವ ಹಕ್ಕಿದೆ? ಯಾವ ಸರ್ವರ್ ಯಾವಾಗ ಏನು ಕೇಳಿತು ಎಂಬ ಲೆಕ್ಕ ಬರೆದಿಡುತ್ತೀರಾ? ಇವಕ್ಕೆ ಉತ್ತರಿಸಲು ತಡವರಿಸುವವರ ಕೈಗೆ ಊರಿನ ಉತಾರಗಳನ್ನು ಒಪ್ಪಿಸಬಾರದು. ರೈತ ತನ್ನ ಸಂಖ್ಯೆ ಕೊಟ್ಟದ್ದು ಕಾಳು ಮಾರಲು. ಆ ಒಪ್ಪಿಗೆಯ ಗಡಿ ದಾಟದ ಹಾಗೆ ಯಂತ್ರವನ್ನು ಕಟ್ಟುವುದು, ಕಟ್ಟಿಸಿದವರ ಕರ್ತವ್ಯ.