ಗಡಿ ಹುಡುಕುತ್ತ ಹೋದವರು

1800ರ ಜೂನ್. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿತ್ತು. ಬಂಡೆದ್ದ ಚನ್ನಗಿರಿಯ ಧೋಂಡಿಯ ವಾಘನ ಬೆನ್ನು ಹತ್ತಿದ್ದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ದಂಡು ಹರಿಗೋಲುಗಳಲ್ಲಿ ಹೊಳೆ ದಾಟುತ್ತಿತ್ತು. ಎಲ್ಲರೂ ಆಚೆ ಸೇರುವಷ್ಟರಲ್ಲಿ ದಿನಗಳೇ ಉರುಳಿದವು. ಆಚೆ ದಡ ಮರಾಠರದು, ಈಚೆ ದಡ ಮೈಸೂರಿನದು. ಶ್ರೀರಂಗಪಟ್ಟಣ ಬಿದ್ದು ವರ್ಷ ಕಳೆದಿತ್ತು. ಟಿಪ್ಪುವಿನ ರಾಜ್ಯವನ್ನು ಕಾಗದದ ಮೇಲೆ ಹಂಚಿಕೊಂಡೂ ಆಗಿತ್ತು. ಆದರೆ ಯಾವ ಹಳ್ಳಿ ಯಾರ ಪಾಲಿಗೆ ಎಂದು ತೋರಿಸಲು ನಂಬುವಂಥ ನಕ್ಷೆಯೇ ಇರಲಿಲ್ಲ.

ಅದನ್ನು ಬರೆಯುವ ಹೊಣೆ ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಜಿಯ ಹೆಗಲಿಗೆ ಬಿತ್ತು. ಬಯಲಿನಲ್ಲಿ ಸರಪಳಿ ಹಾಸಿ ಒಂದು ಗೆರೆ ಅಳೆಯಬೇಕು. ಅದರ ಎರಡೂ ತುದಿಯಿಂದ ದೂರದ ಗುಡ್ಡದ ಬಾವುಟಕ್ಕೆ ಥಿಯೊಡೊಲೈಟ್ ಗುರಿಯಿಟ್ಟು ಕೋನ ಹಿಡಿಯಬೇಕು. ಹಾಗೆಯೇ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಹೆಣೆಯುತ್ತ ಸಾಗಬೇಕು. ಹೇಳುವುದಕ್ಕೇನು, ಸುಲಭ. ಕಾಡಿನ ಜ್ವರಕ್ಕೆ ಸಹಾಯಕರು ಒಬ್ಬರ ಹಿಂದೊಬ್ಬರು ಮಲಗಿದರು. ನೆಚ್ಚಿನ ಸರ್ವೇಯರ್ ಮೇದರ್ ಆರೋಗ್ಯ ಕೆಟ್ಟು ಕೊನೆಗೆ ಕೆಲಸವನ್ನೇ ಬಿಟ್ಟ.

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಥಿಯೊಡೊಲೈಟಿಗೆ ಗುಡ್ಡ ಕಾಣುತ್ತದೆ, ಹಕ್ಕು ಕಾಣುವುದಿಲ್ಲ. ಯಾವ ಹೊಲ ಯಾವ ಊರಿಗೆ ಸೇರಿದ್ದು, ಯಾವುದು ಇನಾಮು ಎಂಬುದೆಲ್ಲ ಶಾನುಭೋಗರ ಕಡತದಲ್ಲಿತ್ತು. ಇದ್ದಿಲ ಪುಡಿಯನ್ನು ಅಂಟಿನಲ್ಲಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬರೆಯುವುದು ಬಳಪದಲ್ಲಿ, ಬೇಡವೆಂದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಸರಪಳಿ ಹಿಡಿದು ಬಂದವರ ಹಿಂದೆ ಕಂದಾಯದವರು ಬರುತ್ತಾರೆಂದು ಬಲ್ಲ ಯಾವ ಶಾನುಭೋಗ ತಾನೇ ಅದನ್ನು ಬಿಚ್ಚಿ ತೋರಿಸಿಯಾನು? ಮೆಕೆಂಜಿಗೋ ಕನ್ನಡ ಬಾರದು.

ಬಾಗಿಲು ತೆರೆದವನು ಕಾವಲಿ ವೆಂಕಟ ಬೋರಯ್ಯ. ಏಲೂರಿನ ಕಡೆಯ ತೆಲುಗು ಮನೆತನದ ತರುಣ, ಮೆಕೆಂಜಿಯ ದುಭಾಷಿ. ಜನರೊಡನೆ ಕೂತು ಮಾತಾಡಿ, ಅಂಜಿಕೆ ಬಿಡಿಸಿ, ದಾಖಲೆ ಹೊರತೆಗೆಸುವುದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಚಿತ್ರದುರ್ಗದಲ್ಲಿ ವಿಜಯನಗರದ ಅರಸರ ತಾಮ್ರಪಟಗಳು ಸಿಕ್ಕವು. ಊರೂರಿನ ಗುಡಿಯಂಗಳದಲ್ಲಿ ಅಕ್ಷರ ಕೊರೆದ ಕಲ್ಲುಗಳು ನಿಂತಿದ್ದವು. ದಿನವೂ ಅವಕ್ಕೆ ಕುಂಕುಮ ಬೀಳುತ್ತಿತ್ತು. ಓದುವವರು ಮಾತ್ರ ಅಪರೂಪ. ಬೋರಯ್ಯ ಅವುಗಳ ಮುಂದೆ ಹಠ ಹಿಡಿದು ಕೂತ. ಕಡೆಗೂ ಹಳಗನ್ನಡ ಲಿಪಿ ಬಿಡಿಸುವ ದಾರಿ ಕಂಡುಕೊಂಡ ಎಂದು ಅವನ ತಮ್ಮ ರಾಮಸ್ವಾಮಿ 1829ರಲ್ಲಿ ಬರೆದಿಟ್ಟ.

ಆ ವಿದ್ಯೆಯ ಫಲವನ್ನು ಪೂರ್ತಿ ಉಣ್ಣಲು ಬೋರಯ್ಯ ಉಳಿಯಲಿಲ್ಲ. 1803ರಲ್ಲಿ, ಇನ್ನೂ ಹರೆಯದಲ್ಲೇ ತೀರಿಕೊಂಡ. ಸೋದರ ಲಕ್ಷ್ಮಯ್ಯ ಅವನ ಜಾಗದಲ್ಲಿ ನಿಂತ. ಹದಿನಾಲ್ಕು ವರ್ಷ ಕಳೆದ ಮೇಲೂ ಮೆಕೆಂಜಿ ಒಂದು ಪತ್ರದಲ್ಲಿ, ತನಗೆ ಈ ನಾಡಿನ ತಿಳಿವಿನ ಹೊಸ ದಾರಿ ತೆರೆದವನು ಬೋರಯ್ಯನೇ ಎಂದು ನೆನೆದ. ದೊರೆಗಳು ಇಂಥ ಋಣವನ್ನು ಹೆಸರು ಹಿಡಿದು ಒಪ್ಪಿಕೊಂಡದ್ದು ಕಡಿಮೆ.

ಸರ್ವೆ ಮುಗಿದಾಗ ಸುಮಾರು 40,000 ಚದರ ಮೈಲಿ ನಕ್ಷೆಗೆ ಇಳಿದಿತ್ತು. ಜೊತೆಗೆ ಏಳು ಸಂಪುಟಗಳ ವಿವರಣೆ. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಅವನು ಸತ್ತ ಮೇಲೆ, ಕೈಯಿಂದ ದುಡ್ಡು ಹಾಕಿ ಕೂಡಿಟ್ಟಿದ್ದ ಓಲೆ, ಊರಿನ ಚರಿತ್ರೆ ಹೇಳುವ ಕೈಫಿಯತ್ತು, ಶಾಸನದ ನಕಲುಗಳನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು.

ವೆಲ್ಲೆಸ್ಲಿ ಹೊಳೆ ದಾಟಿದ ಹರಿಹರದಲ್ಲಿದ್ದ ಶಾಸನದ ಕಲ್ಲುಗಳು ಅಚ್ಚಿಗೆ ಬರಲು ಇನ್ನೂ ಕಾಯಬೇಕಾಯಿತು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರಿನ ಶಾಸನಗಳ ಫೋಟೊ ತೆಗೆದ. ಆ ಫೋಟೊಗಳನ್ನು ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಓದಿ 1879ರಲ್ಲಿ ಪುಸ್ತಕ ಮಾಡಿದ. ಮುಂದೆ ಎಪಿಗ್ರಾಫಿಯ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 11ನೇ ಸಂಪುಟದಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ಗುಡಿಯ ಶಾಸನವೂ ಆಗಿನ ದಾವಣಗೆರೆ ತಾಲ್ಲೂಕಿನ ಸಾಲಿಗೆ ಸೇರಿತು.

ಸರ್ವೆಯವರಿಗೆ ಈ ಕಲ್ಲು, ತಾಮ್ರಪಟಗಳ ಉಸಾಬರಿ ಏಕೆ ಬೇಕಿತ್ತು? ಉತ್ತರ ದಾನಶಾಸನಗಳ ಒಳಗೇ ಇದೆ. ವಿಜಯನಗರದ ಎಷ್ಟೋ ತಾಮ್ರಪಟಗಳಲ್ಲಿ ಅರಸನ ಹೊಗಳಿಕೆ ಸಂಸ್ಕೃತದಲ್ಲಿ ಸಾಗುತ್ತದೆ. ಕೊಟ್ಟ ಭೂಮಿಯ ಎಲ್ಲೆ ಬಂದೊಡನೆ ಮಾತು ಕನ್ನಡಕ್ಕೆ ಹೊರಳುತ್ತದೆ. ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಸೆಮರ, ಪಡುವಲಿಗೆ ನೆಟ್ಟ ಕಲ್ಲು ಎಂಬಂತೆ ನಾಲ್ಕೂ ದಿಕ್ಕಿನ ಗುರುತನ್ನು ಊರವರಿಗೆ ತಿಳಿಯುವ ಹಾಗೆ ಹೇಳುತ್ತದೆ. ಮೆಕೆಂಜಿ ಹುಡುಕುತ್ತಿದ್ದ ಹಳ್ಳಿಯ ಗಡಿಯನ್ನು ನೂರಾರು ವರ್ಷ ಮೊದಲೇ ಯಾರೋ ನಡೆದು ನೋಡಿ ಬರೆಸಿದ್ದರು.