ಬೆಳಕಿನ ಕಣವನ್ನು ಕೊಲ್ಲದೆ ಕಂಡವರು

ಬೆಳಕನ್ನು ನೋಡುವುದೆಂದರೆ ಅದನ್ನು ಮುಗಿಸಿಬಿಡುವುದು. ದೀಪದಿಂದ ಹೊರಟ ಫೋಟಾನ್ ಎಂಬ ಬೆಳಕಿನ ಕಣ ರೆಟಿನಾಕ್ಕೆ ಬಿದ್ದೊಡನೆ ಅಲ್ಲೇ ಹೀರಿಹೋಗುತ್ತದೆ. ಕ್ಯಾಮೆರಾದಲ್ಲೂ ಅಷ್ಟೇ. ಸುದ್ದಿ ಮುಟ್ಟುವ ಹೊತ್ತಿಗೆ ಸುದ್ದಿ ತಂದವನೇ ಇರುವುದಿಲ್ಲ. ಕಣವನ್ನು ಹಾಗೇ ಉಳಿಸಿಕೊಂಡು ಅದರ ಇರವನ್ನು ತಿಳಿಯುವ ದಾರಿಯನ್ನು ಫ್ರಾನ್ಸಿನ ಭೌತವಿಜ್ಞಾನಿ ಸೆರ್ಜ್ ಹರೋಶ್ ದಶಕಗಟ್ಟಲೆ ಹುಡುಕಿದರು.

ಹರೋಶ್ ಹುಟ್ಟಿದ್ದು 1944ರಲ್ಲಿ, ಮೊರಾಕೊದ ಕಾಸಾಬ್ಲಾಂಕಾದಲ್ಲಿ. 1956ರಲ್ಲಿ ಕುಟುಂಬ ಫ್ರಾನ್ಸಿಗೆ ಬಂತು. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್‌ನಲ್ಲಿ ಕ್ಲೋಡ್ ಕೋಹೆನ್ ತನೂಜಿ ಅವರ ಮಾರ್ಗದರ್ಶನದಲ್ಲಿ 1971ರಲ್ಲಿ ಡಾಕ್ಟರೇಟ್ ಪಡೆದು, ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಲೇಸರ್ ತಜ್ಞ ಆರ್ಥರ್ ಶಾಲೋ ಅವರ ಜೊತೆ ಕೆಲಸ ಮಾಡಿದರು. ಒಂಟಿ ಪರಮಾಣುವಿನ ಮೇಲೆ ಪ್ರಯೋಗ ನಡೆಯುವುದೇ ಇಲ್ಲ, ಅದೆಲ್ಲ ಮನಸ್ಸಿನಲ್ಲಿ ಕಟ್ಟುವ ಪ್ರಯೋಗ ಎಂಬರ್ಥದ ಮಾತನ್ನು ಕ್ವಾಂಟಮ್ ವಿಜ್ಞಾನಿ ಶ್ರೋಡಿಂಗರ್ 1952ರಲ್ಲಿ ಬರೆದಿದ್ದರು. ಪ್ಯಾರಿಸ್ಸಿಗೆ ಮರಳಿದ ಹರೋಶ್ ಅಂಥ ಪ್ರಯೋಗವನ್ನೇ ಮೇಜಿನ ಮೇಲೆ ತರಲು ಹೊರಟರು. ಮುಂದೆ ಜೊತೆಗೂಡಿದವರು ಜಾನ್ ಮಿಶೆಲ್ ರೆಮಾಂಡ್ ಮತ್ತು ಮಿಶೆಲ್ ಬ್ರೂನ್.

ಈ ಸಾಧನೆಯಲ್ಲಿ ಸಮೀಕರಣಗಳಷ್ಟೇ ಪಾಲು ಕನ್ನಡಿಗಳಿಗೂ ಸಲ್ಲಬೇಕು. ತಾಮ್ರದ ಮೇಲೆ ನಿಯೋಬಿಯಂ ಲೇಪಿಸಿದ ಎರಡು ಬಾಗುಗನ್ನಡಿಗಳು, ನಡುವೆ 2.7 ಸೆಂ.ಮೀ. ಅಂತರ. ನಿರಪೇಕ್ಷ ಶೂನ್ಯಕ್ಕಿಂತ 0.8 ಡಿಗ್ರಿಯಷ್ಟೇ ಮೇಲಿನ ಚಳಿಯಲ್ಲಿ ನಿಯೋಬಿಯಂ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತಿಗೆ ತಡೆಯನ್ನೇ ಒಡ್ಡುವುದಿಲ್ಲ. ಆಗ ಒಳಗೆ ಸಿಕ್ಕಿದ ಮೈಕ್ರೋವೇವ್ ಫೋಟಾನ್ ಆಚೀಚೆ ಪುಟಿಯುತ್ತಲೇ ಇರುತ್ತದೆ. 1996ರ ಪ್ರಯೋಗದಲ್ಲಿ ಬೆಳಕು ಹೀಗೆ ಬದುಕುತ್ತಿದ್ದದ್ದು ಸೆಕೆಂಡಿನ ಲಕ್ಷದಲ್ಲಿ ಹದಿನಾರು ಭಾಗ. ಕನ್ನಡಿಗಳನ್ನು ತಿದ್ದಿ ತೀಡಿ ಹತ್ತು ವರ್ಷದಲ್ಲಿ ಆ ಆಯಸ್ಸನ್ನು 0.13 ಸೆಕೆಂಡಿಗೆ ಏರಿಸಿದರು. ಕೇಳಲು ಕ್ಷಣವೇ ಆದರೂ ಅಷ್ಟರಲ್ಲಿ ಫೋಟಾನ್ ನೂರು ಕೋಟಿಗೂ ಹೆಚ್ಚು ಸಲ ಪುಟಿದು, ಭೂಮಿಯನ್ನು ಒಂದು ಸುತ್ತು ಹಾಕುವಷ್ಟು, ಅಂದರೆ ಸುಮಾರು 40,000 ಕಿ.ಮೀ. ಕ್ರಮಿಸಿರುತ್ತದೆ.

ಇನ್ನು ಅದನ್ನು ನೋಡಬೇಕು. ರುಬಿಡಿಯಂ ಪರಮಾಣುವಿನ ಹೊರ ಎಲೆಕ್ಟ್ರಾನನ್ನು ಲೇಸರ್ ಮತ್ತು ಮೈಕ್ರೋವೇವ್‌ಗಳಿಂದ ಬಲು ದೂರದ ಕಕ್ಷೆಗೆ ಏರಿಸಿದರೆ ಸಿಗುವುದು ರಿಡ್‌ಬರ್ಗ್ ಪರಮಾಣು. ಅದರ ಗಾತ್ರ ಸಾಮಾನ್ಯ ಪರಮಾಣುವಿನ ಸಾವಿರ ಪಟ್ಟು. ಅದು ಕನ್ನಡಿಗಳ ನಡುವೆ ಹಾದುಹೋಗುತ್ತದೆ. ಫೋಟಾನನ್ನು ನುಂಗಲು ಆಗದಂತೆ ಎರಡರ ಕಂಪನಾಂಕವನ್ನು ತುಸು ಬೇರೆಯಾಗಿಟ್ಟಿರುತ್ತಾರೆ. ಆದರೂ ಪರಮಾಣುವಿನ ಒಳಗಡಿಯಾರ ಬೆಳಕಿನ ಇರವನ್ನು ಗುರುತಿಸುತ್ತದೆ. ಒಂದು ಫೋಟಾನ್ ಇದ್ದರೆ ಮುಳ್ಳು ಅರ್ಧ ಸುತ್ತು, ಅಂದರೆ 12ರಿಂದ 6ಕ್ಕೆ, ಸರಿಯುತ್ತದೆ. ಏನೂ ಇಲ್ಲದಿದ್ದರೆ ಸರಿಯುವುದಿಲ್ಲ. ಆಚೆ ಬಂದ ಪರಮಾಣುವಿನ ಮುಳ್ಳು ಓದಿದರೆ ಸಾಕು, ಫೋಟಾನ್ ಒಳಗೇ ಉಳಿದಿರುತ್ತದೆ.

2007ರಲ್ಲಿ ಪ್ರಕಟವಾದ ದಾಖಲೆಯಲ್ಲಿ ಇದು ಎದ್ದು ಕಾಣುತ್ತದೆ. ಸಾಲಾಗಿ ಹಾದ ಪರಮಾಣುಗಳು ಬಹುಪಾಲು ಸೊನ್ನೆ, ಸೊನ್ನೆ ಎನ್ನುತ್ತವೆ. ಇದ್ದಕ್ಕಿದ್ದಂತೆ ಒಂದು, ಒಂದು, ಒಂದು. ಉಳಿದ ಅಲ್ಪ ಶಾಖದಿಂದ ಫೋಟಾನ್ ಹುಟ್ಟಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಸೊನ್ನೆ. ಒಂದೇ ಫೋಟಾನಿನ ಹುಟ್ಟು ಸಾವುಗಳನ್ನು ನೂರಾರು ಸಾಕ್ಷಿಗಳು ನೋಡಿ ಹೇಳಿದಂತಾಯಿತು.

ಇದಕ್ಕೂ ಮೊದಲು, 1996ರಲ್ಲಿ, ಇದೇ ತಂಡ ಎರಡು ಸ್ಥಿತಿಗಳಲ್ಲಿ ಒಟ್ಟಿಗೇ ಇರುವ ಬೆಳಕನ್ನು, ಅಂದರೆ ಶ್ರೋಡಿಂಗರ್ ಕಲ್ಪಿಸಿದ, ಸತ್ತೂ ಬದುಕಿಯೂ ಇರುವ ಬೆಕ್ಕಿನ ಮರಿರೂಪವನ್ನು, ಸೃಷ್ಟಿಸಿ ಆ ದ್ವಂದ್ವ ಕರಗುವುದನ್ನು ಅಳೆದಿತ್ತು. 2011ರಲ್ಲಿ ಅಳೆಯುತ್ತಲೇ ತಿದ್ದಿ, ಫೋಟಾನುಗಳ ಸಂಖ್ಯೆಯನ್ನು ಬೇಕಾದಷ್ಟಕ್ಕೇ ನಿಲ್ಲಿಸಿತು. ಮರುವರ್ಷದ ನೊಬೆಲ್ ಅನ್ನು ಹರೋಶ್ ಹಂಚಿಕೊಂಡದ್ದು ಅಮೆರಿಕದ ಡೇವಿಡ್ ವೈನ್‌ಲ್ಯಾಂಡ್ ಅವರೊಂದಿಗೆ. ವೈನ್‌ಲ್ಯಾಂಡ್ ಹಿಡಿದದ್ದು ತಿರುವುಮುರುವಿನ ದಾರಿ: ಅವರು ಅಯಾನನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುವನ್ನು, ಕಟ್ಟಿಹಾಕಿ ಬೆಳಕಿನಿಂದ ಅದನ್ನು ಮಾತನಾಡಿಸಿದರು.